ಕೈದಾಳದಲ್ಲಿ ಪ್ರವಾಸಿ ಓದದ ಕಲ್ಲು

ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಗೂಳೂರಿಗೆ ಬರುವ ಪ್ರವಾಸಿ ಕಾರ್ತಿಕಮಾಸವಾದರೆ ಮಣ್ಣಿನ ಮಹಾಗಣಪನನ್ನು ನೋಡಿ, ಪಕ್ಕದ ಕೈದಾಳದ ಚೆನ್ನಕೇಶವನಿಗೂ ಕೈಮುಗಿದು ಹಿಂದಿರುಗುತ್ತಾನೆ. ಕೈದಾಳದಲ್ಲಿ ಅವನ ಕಿವಿಗೆ ಬೀಳುವುದು ಒಂದೇ ಕಥೆ. ಜಕಣಾಚಾರಿ ಹೆಂಡತಿಯನ್ನು ತೊರೆದು ಹೋದ. ಬೇಲೂರಿನಲ್ಲಿ ಮಗ ಡಂಕಣನು ತಂದೆಯ ವಿಗ್ರಹದೊಳಗಿನ ಕಪ್ಪೆಯನ್ನು ತೋರಿಸಿಕೊಟ್ಟ. ತಂದೆ ಬಲಗೈ ಕಡಿದುಕೊಂಡ. ಸ್ವಂತ ಊರಾದ ಕ್ರೀಡಾಪುರದಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂದು ಊರು ಕೈದಾಳವಾಯಿತು.

ಐತಿಹ್ಯದ ಮೇಲೆ ನನಗೆ ಮುನಿಸಿಲ್ಲ. ಜಾನಪದದ ಅಧ್ಯಯನಕ್ಕೆ ಅದು ಅಮೂಲ್ಯ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರ ಅದನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಐತಿಹ್ಯವು ಶಾಸನದ ಪೀಠವನ್ನೇ ಏರಿ ಕುಳಿತಾಗ ಆಕ್ಷೇಪಿಸಲೇಬೇಕು.

ಏಕೆಂದರೆ ಕೈದಾಳ ಮೂಕವಾಗಿಲ್ಲ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟದಲ್ಲಿ ಪ್ರಕಟಿಸಿದ ಇಲ್ಲಿನ ಶಾಸನ, 1150–51ರ ಸುಮಾರಿನದು, ನಿರ್ಮಾಪಕನ ಹೆಸರನ್ನು ನೇರವಾಗಿ ಹೇಳುತ್ತದೆ: ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಬಾಚಿ. ಅವನು ಗಂಗೇಶ್ವರನಿಗೆ ಗುಡಿ ಕಟ್ಟಿಸಿದ, ಕೇಶವನಿಗೆ ಗುಡಿ ಕಟ್ಟಿಸಿದ. ತೀರಿಕೊಂಡ ಮಡದಿ ಭೀಮಲೆಯ ನೆನಪಿಗೆ ಭೀಮಜಿನಾಲಯವೆಂಬ ಬಸದಿಯನ್ನೂ ಎತ್ತಿಸಿದ.

ಅದೇ ಶತಮಾನದಲ್ಲಿ, 1163ರಲ್ಲಿ, ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾ ಇಗರ್ಜಿಯ ಕಟ್ಟಡ ಆರಂಭವಾಯಿತು. ಅದರ ಮೊದಲ ಸ್ಥಪತಿಯ ಹೆಸರು ಇಂದಿಗೂ ತಿಳಿದಿಲ್ಲ. ನಮ್ಮ ಪರಿಸ್ಥಿತಿ ಹಾಗಲ್ಲ. ಬೇಲೂರಿನಲ್ಲಿ ದಾಸೋಜ, ಚಾವಣರಂಥ ಬಳ್ಳಿಗಾವೆಯ ಶಿಲ್ಪಿಗಳು ವಿಗ್ರಹಗಳ ಪೀಠದಲ್ಲಿಯೇ ಹೆಸರು ಕೆತ್ತಿದ್ದಾರೆ. ಕೈದಾಳದಲ್ಲಿ ಮಾಡಿಸಿದವನ ಹೆಸರಿದೆ. ಇದ್ದ ಹೆಸರುಗಳನ್ನು ಕೈಬಿಟ್ಟು, ಊರೂರಿನ ಗುಡಿಗಳನ್ನೆಲ್ಲ ಒಬ್ಬನೇ ಜಕಣನಿಗೆ ಒಪ್ಪಿಸುವುದು ಶಿಲ್ಪಿಗಳಿಗೆ ಸಲ್ಲಿಸುವ ಗೌರವವೆ? ಅದು ಅವರ ಸಹಿಯನ್ನು ಅಳಿಸುವ ಕೆಲಸ.

‘ಪ್ರವಾಸಿಗೆ ಕಥೆ ಬೇಕು, ಶಾಸನವಲ್ಲ’ ಎನ್ನುವವರಿದ್ದಾರೆ. ಶಾಸನದಲ್ಲಿ ಕಥೆಯಿಲ್ಲವೆಂದು ಹೇಳಿದವರಾರು? ಒಬ್ಬನೇ ಸಾಮಂತ, ಒಂದೇ ಊರು. ಶಿವನಿಗೂ ವಿಷ್ಣುವಿಗೂ ಜಿನನಿಗೂ ಆಲಯಗಳು. ಹನ್ನೆರಡನೆಯ ಶತಮಾನದ ಕನ್ನಡನಾಡಿನಲ್ಲಿ ಧರ್ಮಗಳು ಹೇಗೆ ಕೂಡಿ ಬಾಳಿದವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೆ? ಮೂರರಲ್ಲಿ ಎರಡನ್ನು ಕಂಡು ಮೂರನೆಯದರ ಹೆಸರನ್ನೂ ಕೇಳದೆ ಮರಳುವ ಪ್ರವಾಸಿಯದು ಅರ್ಧದರ್ಶನ. ಈ ಕೊರತೆ ಜೈನರದು ಮಾತ್ರವಲ್ಲ. ಕೇಶವನ ಗುಡಿಯ ಅರ್ಥವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು. ಹೊಯ್ಸಳರ ಗುಡಿಗಳತ್ತ ಪ್ರವಾಸಿಗರ ಕಣ್ಣು ಹೊರಳಿರುವ ಈ ಕಾಲದಲ್ಲಿ ನಾವು ಅವರಿಗೆ ಏನು ಹೇಳುತ್ತೇವೆಂಬುದು ಸಣ್ಣ ಪ್ರಶ್ನೆಯಲ್ಲ. ಸಾಹಿತ್ಯದ ವಿದ್ಯಾರ್ಥಿಗಳೇ ಮೊದಲು ಶಾಸನವನ್ನು ಓದಲಿ. ಓದಿದವರು ಕೈದಾಳಕ್ಕೆ ಬರುವ ಪ್ರವಾಸಿಗರಿಗೆ ಅದರ ತಿರುಳನ್ನು ತಿಳಿಸಲಿ. ಜಕಣಾಚಾರಿಯ ಕಥೆಯೂ ಅದರ ಜೊತೆಗೆ, ಕಥೆಯೆಂಬ ಹೆಸರಿನಲ್ಲಿಯೇ, ಇರಲಿ.

ಐತಿಹ್ಯದಲ್ಲಿ ಗಂಡ ಹೆಂಡತಿಯನ್ನು ತೊರೆದು ಹೋಗುತ್ತಾನೆ; ಆಕೆಯ ಹೆಸರನ್ನು ಕೇಳುವವರಿಲ್ಲ. ಶಾಸನದಲ್ಲಿ ಗಂಡ ಹೆಂಡತಿಯ ಹೆಸರನ್ನು ಕಲ್ಲಿನ ಮೇಲೆ ಉಳಿಸುತ್ತಾನೆ. ನಾವು ಮೊದಲನೆಯದನ್ನು ಆರಿಸಿಕೊಂಡು ಭೀಮಲೆಯನ್ನು ಎರಡನೆಯ ಸಲ ಕಳೆದುಕೊಂಡಿದ್ದೇವೆ.