ಗೆರೆಗೆ ಹೊಂದದ ಹಾಡು ತಪ್ಪೆ?

ಸಂಗೀತ ತಯಾರಿಸುವ ತಂತ್ರಾಂಶವನ್ನು ಮೊದಲ ಸಲ ತೆರೆದವರಿಗೆಲ್ಲ ಸಿಗುವ ಉಪದೇಶ: 'ಎಲ್ಲವನ್ನೂ ಗ್ರಿಡ್‌ಗೆ ಕೂರಿಸಿ.' ಹೊಸಬರಿಗೆ ಇದಕ್ಕಿಂತ ಕೆಟ್ಟ ಪಾಠ ಇನ್ನೊಂದಿಲ್ಲ.

ಗ್ಯಾರೇಜ್‌ಬ್ಯಾಂಡ್ ಇರಲಿ, ರೀಪರ್ ಇರಲಿ, ಹೊಸ ಕಡತ ತೆರೆದುಕೊಳ್ಳುವುದು ನಿಮಿಷಕ್ಕೆ 120 ಬಡಿತ, 4/4 ಲೆಕ್ಕದಲ್ಲಿ. ಪಿಯಾನೊ ರೋಲ್‌ನಲ್ಲಿ ಒಂದು ಸ್ಥಾಯಿಗೆ 12 ಮನೆ. ಇವೆಲ್ಲ ಯಾರೋ ಅನುಕೂಲಕ್ಕೆ ಆರಿಸಿಟ್ಟದ್ದು. ಹೊಸಬರು ಅದನ್ನೇ ಸಂಗೀತದ ನಿಯಮವೆಂದು ನಂಬುತ್ತಾರೆ. ಮನೆಯಲ್ಲಿ ಕೇಳಿ ಕಲಿತ ಮಿಶ್ರಛಾಪುವಿನ ದೇವರನಾಮ ಆ ಗೆರೆಗಳಿಗೆ ಹೊಂದದಿದ್ದಾಗ ಹಾಡನ್ನೇ ಅನುಮಾನಿಸುತ್ತಾರೆ. ತೋಡಿಯ ಗಾಂಧಾರವನ್ನು ಒಂದು ಮನೆಯಲ್ಲಿ ಅಲುಗದಂತೆ ಕೂರಿಸಿದರೆ ತೋಡಿ ಎಲ್ಲಿ ಉಳಿಯಿತು?

ಯಂತ್ರದ ಕೈಯಲ್ಲಿ ಆಗದು ಎಂದಲ್ಲ. 4/4 ಅನ್ನು 7/8 ಮಾಡಲು ಅರೆ ನಿಮಿಷ ಸಾಕು. ಸ್ವರವನ್ನು ಜಾರಿಸುವ ಪಿಚ್ ಬೆಂಡ್ 1983ರ ಮಿಡಿ ಮಾನದಂಡದಲ್ಲೇ ಇದೆ. ಕಲಿಸುವವರು ಮಾತ್ರ ಇದನ್ನೆಲ್ಲ 'ಮುಂದಿನ ಹಂತ'ಕ್ಕೆ ದೂಡುತ್ತಾರೆ. ಆ ಹಂತ ಬರುವಷ್ಟರಲ್ಲಿ ಕಿವಿ ಚೌಕಗಳಿಗೇ ಒಗ್ಗಿಹೋಗಿರುತ್ತದೆ.

'ಗ್ರಿಡ್ ಇಲ್ಲದಿದ್ದರೆ ತಾಳ ತಪ್ಪುತ್ತದಲ್ಲ?' ಎನ್ನುವವರಿದ್ದಾರೆ. ತಪ್ಪಲಿ. ತಪ್ಪಿದ್ದು ಕಿವಿಗೆ ಗೊತ್ತಾದಾಗಲೇ ಕಲಿಕೆ ಶುರು. ಸ್ವರಗಳನ್ನು ತಾನೇ ಗೆರೆಗೆಳೆಯುವ ಕ್ವಾಂಟೈಸ್ ಗುಂಡಿ ಆ ಅವಕಾಶವನ್ನೇ ಕಸಿಯುತ್ತದೆ.

ಮೊದಲ ದಿನ ಸ್ನ್ಯಾಪ್ ಆಫ್ ಮಾಡಿ. ತೊಡೆಯ ಮೇಲೆ ತಾಳ ಹಾಕುತ್ತ ನಿಮಗೆ ಗೊತ್ತಿರುವ ಒಂದು ಹಾಡನ್ನು ಮೈಕಿಗೆ ಹಾಡಿ. ಗೆರೆಗಳನ್ನು ಆಮೇಲೆ ಎಳೆಯೋಣ, ಆ ಹಾಡಿನ ಅಳತೆಗೆ.