ಮುಖ ನೋಡದ ದೋಸ್ತಿ

‘ಮುಖಾ ನೋಡಿಲ್ಲ, ಮನಿ ಗೊತ್ತಿಲ್ಲ, ಅದೆಂಥಾ ದೋಸ್ತಿಲೇ ನಿಂದು?’ ಹಾನಗಲ್ ತಾಲ್ಲೂಕಿನ ನಮ್ಮ ಆಡೂರಿನಲ್ಲಿ ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೂರುವ ಹುಡುಗರಿಗೆಲ್ಲ ಈ ಮಾತು ಪರಿಚಿತ. ಪ್ರಶ್ನೆಯೇನೋ ಸರಿಯಾಗಿದೆ. ಅದಕ್ಕೆ ನನಗೆ ಉತ್ತರ ಸಿಕ್ಕಿದ್ದು ಆಟವೇ ನಿಂತುಹೋದಾಗ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಲಾಕ್‌ಡೌನ್‌ನಿಂದ ಕಾಲೇಜು ಬಂದ್ ಆಗಿದ್ದ ಕಾಲ. ನಮ್ಮದು ನಾಲ್ವರ ತಂಡ: ನಾನು, ಬೀದರಿನವನೊಬ್ಬ, ಕುಂದಾಪುರದವನೊಬ್ಬ, ಸೊಲ್ಲಾಪುರದ ಕನ್ನಡದ ಮನೆಯ ಹುಡುಗನೊಬ್ಬ. ಗಳಿಸಿದ ರ‍್ಯಾಂಕು, ಬಂದೂಕು, ಬಣ್ಣದ ಅಂಗಿ ಎಲ್ಲವೂ ಹೋದವು. ಉಳಿದದ್ದು ಮೂರು ಫೋನ್ ನಂಬರ್. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳುವ ಹೊತ್ತಿಗೆ ನಾವು ಪೊಲೀಸ್ ನೇಮಕಾತಿ, ಮನೆಯ ಸಾಲ, ತಂಗಿಯ ಮದುವೆ ಎಲ್ಲ ಮಾತಾಡಿ ಮುಗಿಸಿದ್ದೆವು.

ಇಂಥ ಗೆಳೆತನದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಒಂದು ಸಂಗತಿ. ಊರ ಕಟ್ಟೆಯ ಮೇಲೆ ಕೂರುವ ಮೊದಲೇ ‘ನೀ ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತದೆ. ಆಟದಲ್ಲಿ ನಮಗಿದ್ದದ್ದು ಒಂದು ಅಡ್ಡಹೆಸರು, ಒಂದು ದನಿ. ಗುಂಡು ತಗುಲಿ ಬಿದ್ದಾಗ ಯಾರು ಓಡಿ ಬಂದು ಎಬ್ಬಿಸುತ್ತಾನೆ ಎಂಬುದಷ್ಟೇ ಲೆಕ್ಕ. ಬೀದರಿನವನ ಅಡ್ಡಹೆಸರು ಗೊತ್ತಾಗಲು ನಮಗೆ ವರ್ಷ ಹಿಡಿಯಿತು, ಅಂದರೆ ಅವನ ಮನೆತನದ ಹೆಸರು. ಅಷ್ಟರಲ್ಲಿ ಅದನ್ನು ತಿಳಿದು ಆಗಬೇಕಾದ್ದು ಏನೂ ಉಳಿದಿರಲಿಲ್ಲ. ಕುಂದಾಪುರದವನ ‘ಹ್ವಾಯ್’ ಈಗ ನಮ್ಮ ಮನೆಯಲ್ಲೂ ನಡೆಯುತ್ತದೆ.

ನಾರ್ವೆಯ ಮ್ಯಾಟ್ಸ್ ಸ್ಟೀನ್‌ನ ಕಥೆ ಕೆಲವರಿಗೆ ಗೊತ್ತಿರಬಹುದು. ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದಿದ್ದ ಅವನು 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿಯೇ ಬದುಕಿದ ಎಂದು ತಂದೆತಾಯಿ ಕೊರಗಿದ್ದರು. ಸಾವಿನ ಸುದ್ದಿ ಹಾಕಿದ ಮೇಲೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಗೆಳೆಯರಿಂದ ಪತ್ರಗಳು ಬರತೊಡಗಿದವು. ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೇ ಬಂದರು. ಹೆತ್ತವರಿಗೆ ಮಗನ ಗೆಳೆಯರು ಸಿಕ್ಕಿದ್ದು ಮಗ ಹೋದ ಮೇಲೆ.

ಹಾಗಂತ ಮೊಬೈಲಿನಲ್ಲಿ ಆಡುವುದೆಲ್ಲ ಒಂದೇ ಎನ್ನಲಾರೆ. ದುಡ್ಡು ಕಟ್ಟಿ ಆಡುವ ರಮ್ಮಿಯಲ್ಲಿ ಎದುರಿಗೆ ಕೂತವನ ಜೇಬು ಖಾಲಿಯಾದರೆ ಮಾತ್ರ ನಮಗೆ ಲಾಭ. ಅಲ್ಲಿ ದೋಸ್ತಿ ಹೇಗೆ ಹುಟ್ಟೀತು? 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಕೂಡ ಹಣದ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಮನೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಬೈಗುಳ. ಪರಿಚಯವಾದ ವಾರಕ್ಕೇ ಓಟಿಪಿ ಕೇಳುವವನನ್ನು ಬ್ಲಾಕ್ ಮಾಡಿ, ಅದರಲ್ಲಿ ಸಂಕೋಚ ಬೇಡ. ಆದರೆ ಫೋನ್ ಕಸಿದುಕೊಳ್ಳುವ ಹಿರಿಯರು ಒಮ್ಮೆ, ‘ಆ ಕಡೆ ಯಾರದಾರ? ಏನ್ ಓದ್ಯಾನ?’ ಎಂದು ಕೇಳಿ ನೋಡಲಿ.

ನಮ್ಮ ತಂಡದಲ್ಲಿ ಈಗ ಇಬ್ಬರಿಗೆ ಕೆಲಸ ಸಿಕ್ಕಿದೆ, ಇಬ್ಬರು ಇನ್ನೂ ಅರ್ಜಿ ಹಾಕುತ್ತಿದ್ದೇವೆ. ಪರೀಕ್ಷೆಗೆಂದು ಬೆಂಗಳೂರಿಗೆ ಹೋದಾಗ ಕುಂದಾಪುರದವನ ರೂಮಿನಲ್ಲೇ ನನ್ನ ವಸ್ತಿ. ಆಟ ಭಾನುವಾರ ರಾತ್ರಿ ಒಂದು ತಾಸು ಮಾತ್ರ. ಉಳಿದ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ಬೀದರಿನಿಂದ ಪ್ರಚಲಿತ ವಿದ್ಯಮಾನದ ಹತ್ತು ಪ್ರಶ್ನೆ ಬರುತ್ತವೆ, ಏಳರೊಳಗೆ ಉತ್ತರ ಕಳಿಸದಿದ್ದರೆ ಫೋನೇ ಬರುತ್ತದೆ.