ಘಟ್ಟ ಇಳಿಯುವ ಕಾರು, ಹಳ್ಳ ಸೇರುವ ಎಣ್ಣೆ

ಮುಂಗಾರು ಹತ್ತಿರವಾಗುತ್ತಿದ್ದಂತೆ ಮಲೆನಾಡಿನ ಮನೆಗಳಲ್ಲಿ ಕೆಲಸಗಳ ಪಟ್ಟಿಯೊಂದು ತಾನಾಗಿಯೇ ಸಿದ್ಧವಾಗುತ್ತದೆ. ಮಾಡಿನ ಒಡೆದ ಹಂಚುಗಳು ಬದಲಾಗುತ್ತವೆ. ಕಟ್ಟಿಗೆ ಕೊಟ್ಟಿಗೆ ಸೇರುತ್ತದೆ. ತೋಟದ ಬಸಿಗಾಲುವೆಗಳ ಹೂಳು ಮೇಲೆ ಬರುತ್ತದೆ. ಬೋರ್ಡೋ ದ್ರಾವಣ ಸಿಂಪಡಿಸುವ ಪಂಪನ್ನು ಬಿಚ್ಚಿ, ತೊಳೆದು, ವಾಷರ್ ಬದಲಿಸಿ ಇಡಲಾಗುತ್ತದೆ. ಪಂಪು ಕೈಕೊಟ್ಟರೆ ಕೊಳೆರೋಗಕ್ಕೆ ಒಂದು ವರ್ಷದ ಫಸಲು ತುತ್ತಾಗುತ್ತದೆಂಬುದು ಪ್ರತಿಯೊಬ್ಬ ಅಡಿಕೆ ಬೆಳೆಗಾರನಿಗೂ ಗೊತ್ತು. ಆದರೆ ಅದೇ ಅಂಗಳದ ಮೂಲೆಯಲ್ಲಿ ನಿಂತಿರುವ ಕಾರಿನ ಸರದಿ ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಅದರ ಬ್ರೇಕು ಕೈಕೊಟ್ಟರೆ ಹೋಗುವುದು ಫಸಲಲ್ಲ, ಪ್ರಾಣ.

ಕಾರಿನ ಆರೈಕೆ ಅದರ ಮಾಲೀಕನ ಖಾಸಗಿ ವ್ಯವಹಾರವೆಂಬ ನಂಬಿಕೆ ಬಲವಾಗಿ ಬೇರೂರಿದೆ. ಕಾರು ಅವನದು, ಖರ್ಚು ಅವನದು, ಕೆಟ್ಟರೆ ನಷ್ಟವೂ ಅವನದೇ, ಉಳಿದವರಿಗೇನು ಎಂಬ ವಾದ ಬಯಲುಸೀಮೆಯ ನೇರ ರಸ್ತೆಯಲ್ಲೇ ನಿಲ್ಲಲಾರದು; ಘಟ್ಟದ ಇಳಿಜಾರಿನಲ್ಲಂತೂ ಒಂದು ಕ್ಷಣವೂ ನಿಲ್ಲುವುದಿಲ್ಲ. ಇಲ್ಲಿ ಒಬ್ಬನ ಬ್ರೇಕು ಇನ್ನೊಬ್ಬನ ಜೀವ. ಒಬ್ಬನ ಎಂಜಿನ್ನಿನಿಂದ ಬಸಿದ ಎಣ್ಣೆ ಕೆಳಗಿನ ಮನೆಯವರ ಕುಡಿಯುವ ನೀರು. ನಿರ್ಲಕ್ಷ್ಯದ ಲೆಕ್ಕವನ್ನು ತೀರಿಸುವವರು ಬಹುಪಾಲು ಆ ಕಾರಿನಲ್ಲಿ ಎಂದೂ ಕೂರದವರು.

ಸುಟ್ಟೆಣ್ಣೆಯ ದಾರಿ

ಸಣ್ಣ ಕಾರೊಂದರ ಎಂಜಿನ್ನಿನಲ್ಲಿ ಸುಮಾರು ಮೂರು ಲೀಟರ್ ಎಣ್ಣೆಯಿರುತ್ತದೆ. ಡೀಸೆಲ್ ಜೀಪುಗಳಲ್ಲಿ ಅದಕ್ಕಿಂತ ಹೆಚ್ಚು. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಹೊರಬರುವ ಕಪ್ಪು ದ್ರವ ಒಳಗೆ ಹೋದ ಎಣ್ಣೆಯಲ್ಲ. ಅದರಲ್ಲಿ ಸವೆದ ಲೋಹದ ಕಣಗಳಿವೆ, ಮಸಿಯಿದೆ, ಅರೆಬೆಂದ ಇಂಧನವಿದೆ, ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳಿವೆ. ಒಂದು ಬಾರಿ ಎಣ್ಣೆ ಬದಲಿಸಿದಾಗ ಸಿಗುವ ತ್ಯಾಜ್ಯ 10 ಲಕ್ಷ ಗ್ಯಾಲನ್, ಎಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಹುಕಾಲದಿಂದ ಎಚ್ಚರಿಸುತ್ತ ಬಂದಿದೆ.

ಮಲೆನಾಡಿನಲ್ಲಿ ಈ ಎಣ್ಣೆ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಗ್ಯಾರೇಜಿನ ಹಿಂದಿನ ಮಣ್ಣಿಗೆ. ಒಂದಿಷ್ಟು ರಸ್ತೆಬದಿಯ ಚರಂಡಿಗೆ. ಇನ್ನೊಂದಿಷ್ಟು ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ, ಕಾಂಕ್ರೀಟಿನ ಹಲಗೆಗೆ. ಕೊನೆಯದನ್ನು ಜನ ಜಾಣ ಮರುಬಳಕೆಯೆಂದೇ ತಿಳಿದಿದ್ದಾರೆ. ಬಳಿದ ಎಣ್ಣೆ ಗೂಟದಲ್ಲಿಯೇ ಉಳಿಯುತ್ತದೆಯೇ? ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಷ್ಟು ಮಳೆಗೆ ಮೈಯೊಡ್ಡಿ ನಿಂತ ಗೂಟದ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಬುಡದ ಮಣ್ಣಿಗಿಳಿಯುತ್ತದೆ, ಮಣ್ಣಿನೊಡನೆ ಹಳ್ಳಕ್ಕೆ ಸಾಗುತ್ತದೆ.

ಇಷ್ಟು ಮಳೆಯಲ್ಲಿ ಒಂದು ಡಬ್ಬಿ ಎಣ್ಣೆ ಯಾವ ಲೆಕ್ಕ, ಎಲ್ಲ ಕೊಚ್ಚಿಹೋಗುತ್ತದೆ ಎನ್ನುವವರೂ ಇದ್ದಾರೆ. ಕೊಚ್ಚಿಹೋಗುವುದು ಎಲ್ಲಿಗೆ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳುವುದಿಲ್ಲ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಅದು ತೇಲಿ ಪದರವಾಗುತ್ತದೆ, ಹೂಳಿಗೆ ಅಂಟಿ ಮಡುವಿನ ತಳ ಸೇರುತ್ತದೆ. ಗುಡ್ಡದ ನೆತ್ತಿಯ ಅಬ್ಬಿನೀರನ್ನು ದಂಬೆಯಲ್ಲೋ ಪೈಪಿನಲ್ಲೋ ಮನೆಯಂಗಳಕ್ಕೆ ತಂದು, ಸೋಸದೆ ಕುಡಿಯುವ ಕುಟುಂಬಗಳು ಇಂದಿಗೂ ಇರುವ ನಾಡಿದು. ಹಳ್ಳಕ್ಕೆ ಸುರಿದರೂ ಅಳೆದು ಸುರಿ ಎಂದು ಹಿರಿಯರು ಹೇಳಿದ್ದು ಸಂಪತ್ತಿನ ಬಗ್ಗೆ. ವಿಷಕ್ಕೆ ಆ ರಿಯಾಯಿತಿಯೂ ಇಲ್ಲ; ಅದನ್ನು ಅಳೆದೂ ಸುರಿಯುವಂತಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಹಳ್ಳಕ್ಕಾಗಲಿ ಬಾವಿಗಾಗಲಿ ತಿಳಿದೂ ಮಾಲಿನ್ಯಕಾರಕ ವಸ್ತು ಸೇರಲು ಬಿಡುವುದನ್ನು 1974ರ ಜಲಮಾಲಿನ್ಯ ಕಾಯಿದೆ ನಿಷೇಧಿಸಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆಯ ಹೆಸರಿದೆ. ಅದನ್ನು ಮರುಸಂಸ್ಕರಣೆಗೆ ಒಳಪಡಿಸುವ ಹೊಣೆಯನ್ನು ಎಣ್ಣೆ ತಯಾರಕರ ಮೇಲೆ ಹೊರಿಸುವ ವ್ಯವಸ್ಥೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ನಿಯಮ 2001ರಿಂದಲೂ ಇತ್ತು. 2022ರ ಹೊಸ ನಿಯಮಗಳು ಆ ಹೊಣೆಯನ್ನು ಬ್ಯಾಟರಿ ತಯಾರಕರಿಗೆ ವಹಿಸಿವೆ. ಕಾಗದದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ತಾಲೂಕು ಕೇಂದ್ರದಿಂದ ನಲವತ್ತು ಕಿಲೋಮೀಟರ್ ದೂರದ ಗ್ಯಾರೇಜಿನಲ್ಲಿ ಮುಚ್ಚಳವಿರುವ ಒಂದು ಡ್ರಮ್ಮಿಗೆ.

ಮೆಕ್ಯಾನಿಕ್ಕನ್ನು ಮಾತ್ರ ದೂರುವುದು ಸುಲಭ. ದಿನವಿಡೀ ಆ ಎಣ್ಣೆಯಲ್ಲಿ ಬರಿಗೈ ಅದ್ದುವವನು ಅವನೇ. ಎಣ್ಣೆ ಬದಲಿಸಿ ಹಣ ಕೊಡುವ ಮಾಲೀಕ ಹೊಸ ಎಣ್ಣೆಯ ದರವನ್ನು ನಾಲ್ಕು ಬಾರಿ ಕೇಳುತ್ತಾನೆ. ಹಳೆಯ ಎಣ್ಣೆ ಎಲ್ಲಿ ಹೋಯಿತೆಂದು ಒಮ್ಮೆಯೂ ಕೇಳುವುದಿಲ್ಲ. ಆ ಒಂದು ಪ್ರಶ್ನೆ ಕೇಳಲಾರಂಭಿಸಿದ ದಿನ ಗ್ಯಾರೇಜಿನ ಹಿಂಬದಿಯ ನೆಲ ಬದಲಾಗತೊಡಗುತ್ತದೆ.

ಇಳಿಜಾರಿನ ಲೆಕ್ಕ

ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನೋ ಚಾರ್ಮಾಡಿಯನ್ನೋ ಇಳಿಯುವ ಚಾಲಕರಲ್ಲಿ ಎಷ್ಟು ಮಂದಿ ಬ್ರೇಕಿನ ಕೆಲಸವನ್ನು ಲೆಕ್ಕ ಹಾಕಿರುತ್ತಾರೆ? ಒಂದು ಟನ್ ತೂಕದ ಕಾರು ಐನೂರು ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಹದಿನೈದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಕಾರು ತಗ್ಗಿನ ಗೇರಿನಲ್ಲಿದ್ದರೆ ಈ ಹೊರೆಯ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಬಹುತೇಕ ಎಲ್ಲವೂ ಬ್ರೇಕಿನ ಪಾಲಿಗೆ ಬೀಳುತ್ತದೆ.

ಪೆಟ್ರೋಲ್ ಉಳಿಯುತ್ತದೆಂದು ಘಾಟಿಯಲ್ಲಿ ಗೇರ್ ತಪ್ಪಿಸಿ ಇಳಿಯುವ ಚಟ ಹಳೆಯದು. ಅದು ಮೂರ್ಖತನವೂ ಹೌದು, ಸುಳ್ಳು ಉಳಿತಾಯವೂ ಹೌದು. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟು ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದಾಗಲೇ ಎಂಜಿನ್ ಆರದಿರಲು ಇಂಧನ ಸುಡಬೇಕಾಗುತ್ತದೆ. ಇನ್ನು ಎಂಜಿನ್ನನ್ನೇ ಆರಿಸಿ ಇಳಿಯುವವರ ಕಾರಿನಲ್ಲಿ ಎರಡು ಮೂರು ಸಲ ಪೆಡಲ್ ತುಳಿಯುವಷ್ಟರಲ್ಲಿ ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ನಿರ್ವಾತ ಮುಗಿಯುತ್ತದೆ, ಪವರ್ ಸ್ಟಿಯರಿಂಗೂ ಬಿಗಿಯುತ್ತದೆ. ಆಗ ಮುಂದಿರುವುದು ತಿರುವು ಮತ್ತು ಕಂದಕ.

ಬ್ರೇಕ್ ದ್ರವದ ಕಥೆ ಇನ್ನೂ ಗಂಭೀರ. ಬಹುತೇಕ ಕಾರುಗಳಲ್ಲಿ ಬಳಸುವ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ನಿರಂತರವಾಗಿ ತುಳಿದ ಬ್ರೇಕು ಕಾದಾಗ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ಆವಿ ಒತ್ತಡಕ್ಕೆ ಕುಗ್ಗುತ್ತದೆ, ಪೆಡಲ್ ನೆಲಕ್ಕಿಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸಬೇಕೆನ್ನುತ್ತಾರೆ. ತಿಂಗಳುಗಟ್ಟಲೆ ಗೋಡೆಯೂ ಬೆವರುವ ಮಲೆನಾಡಿನಲ್ಲಿ ಆ ಅವಧಿಯನ್ನು ಮೀರುವುದು ಸಾವಿನೊಡನೆ ಚೌಕಾಸಿ ಮಾಡಿದಂತೆ.

ಅಪಘಾತದ ನೆಪ, ಕೊಡಲಿಯ ಲಾಭ

ಕಾಡಿನ ಪರವಾಗಿ ಮಾತಾಡುವವರು ಕಾರಿನ ಬಗ್ಗೆ ಏಕೆ ಮಾತಾಡಬೇಕು ಎಂಬ ಆಕ್ಷೇಪ ಚಳವಳಿಯ ಒಳಗಿನಿಂದಲೇ ಬರುವುದುಂಟು. ಕಾರನ್ನು ವಿರೋಧಿಸಬೇಕೇ ಹೊರತು ಅದನ್ನು ಚೆನ್ನಾಗಿಟ್ಟುಕೊಳ್ಳಲು ಕಲಿಸಬಾರದೆಂಬುದು ಅವರ ನಿಲುವು. ಸಾರ್ವಜನಿಕ ಬಸ್ಸು ಹೆಚ್ಚಬೇಕೆಂಬ ಬೇಡಿಕೆ ಸರಿಯಾದದ್ದೇ, ಅದನ್ನು ಬಿಡುವ ಪ್ರಶ್ನೆಯೂ ಇಲ್ಲ. ಆದರೆ ದಿನಕ್ಕೆರಡು ಬಸ್ಸೂ ಕಾಣದ ಊರಿನಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವುದು ನೆರೆಮನೆಯ ಜೀಪೇ. ಪರಿಸರ ಸಭೆಗೆ ಬರುವವರೂ ಅದೇ ಜೀಪಿನಲ್ಲಿ ಬರುತ್ತಾರೆ. ಇರುವ ವಾಹನವನ್ನು ನಿರ್ಲಕ್ಷಿಸುವುದರಿಂದ ಅದರ ಸಂಖ್ಯೆ ಕಡಿಮೆಯಾಗದು, ಹಾನಿ ಹೆಚ್ಚಾಗುತ್ತದೆ ಅಷ್ಟೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಘಾಟಿಯಲ್ಲಿ ನಡೆಯುವ ಪ್ರತಿ ಅಪಘಾತದ ಮರುದಿನ ರಸ್ತೆ ಅಗಲವಾಗಲಿ, ಮರ ಉರುಳಲಿ, ಗುಡ್ಡ ಕತ್ತರಿಸಲಿ ಎಂಬ ಕೂಗು ಏಳುತ್ತದೆ. ಕೆಟ್ಟ ರಸ್ತೆಯಿಂದ ಆಗುವ ಅಪಘಾತಗಳೂ ಇವೆ, ಅವನ್ನು ಸರಿಪಡಿಸಲೇಬೇಕು. ಆದರೆ ಕುದಿದ ಬ್ರೇಕ್ ದ್ರವಕ್ಕೂ ಬೋಳು ಟೈರಿಗೂ ರಸ್ತೆಬದಿಯ ಮರ ಹೊಣೆಯೇ? ಕತ್ತರಿಸಿದ ಗುಡ್ಡ ಮಳೆಯಲ್ಲಿ ಹೇಗೆ ಉತ್ತರಿಸುತ್ತದೆಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರು ತೋರಿಸಿದೆ. 2019ರ ಆಗಸ್ಟ್ ಮಳೆಯಲ್ಲಿ ಸಾಲುಸಾಲು ಕುಸಿತದಿಂದ ಚಾರ್ಮಾಡಿ ಮುಚ್ಚಿದ್ದನ್ನೂ ಜನ ಮರೆತಿಲ್ಲ. ಮಾಲೀಕನ ಸೋಮಾರಿತನದಿಂದಾದ ಅಪಘಾತ ಗುತ್ತಿಗೆದಾರನ ಕೈಗೆ ಕೊಡಲಿ ಕೊಡುತ್ತದೆ. ವಾಹನದ ಆರೈಕೆ ಕಾಡಿನ ರಕ್ಷಣೆಯ ವಿಷಯವಾಗುವುದು ಇಲ್ಲಿ.

ಸವೆಯುವ ಟೈರು, ಸೋರುವ ದ್ರವ

ಟೈರು ಸವೆದಾಗ ಹೋದ ರಬ್ಬರು ಮಾಯವಾಗುವುದಿಲ್ಲ. ಅದು ಪುಡಿಯಾಗಿ ರಸ್ತೆಯಲ್ಲಿ ಕೂತು ಮೊದಲ ಮಳೆಗೆ ಹೊಳೆ ಸೇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದ ಒಗಟನ್ನು ವಿಜ್ಞಾನಿಗಳು 2020ರಲ್ಲಿ ಬಿಡಿಸಿದರು. ಟೈರು ಬಿರಿಯದಿರಲೆಂದು ಬೆರೆಸುವ ರಾಸಾಯನಿಕ ಓಜೋನಿನೊಡನೆ ವರ್ತಿಸಿ ಉಂಟಾಗುವ ವಸ್ತುವೇ ಕೊಲೆಗಾರನಾಗಿತ್ತು. ಆ ರಾಸಾಯನಿಕ ಜಗತ್ತಿನ ಟೈರುಗಳಲ್ಲೆಲ್ಲ ಬಳಕೆಯಲ್ಲಿದೆ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ಭಕ್ತನ ಕಾರಿನ ಟೈರಿನಲ್ಲಿ ಗಾಳಿ ಸರಿಯಿದೆಯೇ, ಚಕ್ರಗಳು ನೇರವಾಗಿವೆಯೇ ಎಂಬ ಪ್ರಶ್ನೆಯೂ ಭಕ್ತಿಯ ಭಾಗವಾಗಬೇಡವೇ? ಗಾಳಿ ಕಡಿಮೆಯಿದ್ದರೆ, ಅಲೈನ್‌ಮೆಂಟ್ ತಪ್ಪಿದ್ದರೆ ಟೈರು ಬೇಗ ಸವೆಯುತ್ತದೆ, ಇಂಧನವೂ ಹೆಚ್ಚು ಉರಿಯುತ್ತದೆ. ವಿದ್ಯುತ್ ಕಾರು ಕೊಂಡವರಿಗೂ ಇದರಿಂದ ಬಿಡುಗಡೆಯಿಲ್ಲ. ಬ್ಯಾಟರಿಯ ಭಾರವನ್ನು ಹೊರುವುದೂ ಟೈರುಗಳೇ.

ರೇಡಿಯೇಟರಿನ ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಅಂಗಳದಲ್ಲಿ ಸೋರಿ ನಿಂತರೆ ನಾಯಿ, ಬೆಕ್ಕು, ಕರು ನೆಕ್ಕುತ್ತವೆ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಎಸಿಯ ಅನಿಲ ಸೋರುತ್ತಿದ್ದರೂ ರಂಧ್ರ ಹುಡುಕದೆ ವರ್ಷವರ್ಷವೂ ತುಂಬಿಸುವುದು ಇನ್ನೊಂದು ಅಪಚಾರ. ಅನೇಕ ಕಾರುಗಳಲ್ಲಿರುವ ಆರ್-134ಎ ಅನಿಲಕ್ಕೆ ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮಿಗಿಲು.

ಮಾಡಬೇಕಾದ್ದೇನು?

ಮಾಲೀಕನಿಂದ ಕೇಳುತ್ತಿರುವುದು ಮಹಾ ತ್ಯಾಗವನ್ನಲ್ಲ, ವಾರಕ್ಕೆ ಹತ್ತು ನಿಮಿಷವನ್ನು. ಬೆಳಗ್ಗೆ ಕಾರು ಓಡಿಸುವ ಮೊದಲು, ಟೈರು ತಣ್ಣಗಿರುವಾಗ ಗಾಳಿ ನೋಡಬೇಕು. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಅದರ ಆಯುಷ್ಯ ಮುಗಿದಂತೆ. ಮಲೆನಾಡಿನ ಮಳೆಯಲ್ಲಿ ಅಲ್ಲಿಯವರೆಗೂ ಕಾಯಬಾರದು. ಸಮತಟ್ಟಾದ ನೆಲದಲ್ಲಿ ಕಡ್ಡಿಯೆತ್ತಿ ಎಂಜಿನ್ ಎಣ್ಣೆಯ ಮಟ್ಟ ನೋಡಬೇಕು. ಬ್ರೇಕ್ ದ್ರವ ಎರಡು ಗೆರೆಗಳ ನಡುವೆ ಇರಬೇಕು. ಮಟ್ಟ ಇಳಿಯುತ್ತಿದ್ದರೆ ತುಂಬಿಸಿ ಸುಮ್ಮನಾಗದೆ ಪ್ಯಾಡು ಸವೆದಿದೆಯೋ ಸೋರಿಕೆಯಿದೆಯೋ ಎಂದು ತೋರಿಸಬೇಕು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆರೆಯಬಾರದು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿ ತಲೆ ಹಾಕಬಾರದು. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಅದರ ಹತ್ತಿರ ಬೀಡಿ ಹಚ್ಚಬಾರದು. ವೈಪರ್, ದೀಪ, ಹ್ಯಾಂಡ್‌ಬ್ರೇಕ್ ಮೃಗಶಿರಾ ಮಳೆ ಹುಟ್ಟುವ ಮೊದಲೇ ಸರಿಯಾಗಿರಬೇಕು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆಯೋ ಇಂಜೆಕ್ಟರ್ ಕೆಟ್ಟಿದೆಯೋ ನೋಡಿಸಬೇಕು. ಹೊಗೆ ತಪಾಸಣೆಯ ಚೀಟಿ ಎಂಜಿನ್ನಿಗೆ ಔಷಧಿಯಲ್ಲ. ಕಾರನ್ನು ಹೊಳೆಗಿಳಿಸಿ ತೊಳೆಯುವ ಬದಲು ಹುಲ್ಲು ನೆಲದ ಮೇಲೆ, ಬಾವಿಯಿಂದ ದೂರ, ಎರಡು ಬಕೆಟ್ ನೀರಿನಲ್ಲಿ ತೊಳೆಯಬಹುದು. ಹಳೆಯ ಟೈರನ್ನು ಸುಡಬಾರದು, ಮಳೆನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲಾಗಲು ಹಿತ್ತಲಿನಲ್ಲಿ ಬಿಡಲೂಬಾರದು.

ಗ್ರಾಮ ಪಂಚಾಯಿತಿಗಳಿಗೂ ಕೆಲಸವಿದೆ. ಪ್ರತಿ ಗ್ಯಾರೇಜಿಗೆ ಮುಚ್ಚಳವಿರುವ ಡ್ರಮ್ಮು ಕಡ್ಡಾಯವಾಗಲಿ. ತುಂಬಿದ ಡ್ರಮ್ಮುಗಳನ್ನು ಅಧಿಕೃತ ಮರುಸಂಸ್ಕರಣಾ ಘಟಕಕ್ಕೆ ಸಾಗಿಸುವ ಏರ್ಪಾಟನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕೇಳಿ ಪಡೆಯಲಿ. ಹೊಳೆಯ ಘಟ್ಟಗಳಲ್ಲಿ ವಾಹನ ತೊಳೆಯುವುದನ್ನು ನಿಲ್ಲಿಸಲಿ. ಘಾಟಿಯ ನೆತ್ತಿಯಲ್ಲಿ, ಇಳಿಯುವ ಮೊದಲು ಬ್ರೇಕು ಪರೀಕ್ಷಿಸಿ ತಗ್ಗಿನ ಗೇರಿಗೆ ಬರುವಂತೆ ಸೂಚಿಸುವ ಫಲಕ ನಿಲ್ಲಲಿ. ಇದಕ್ಕೆ ಬೇಕಾದ ಹಣ ಒಂದು ತಿರುವನ್ನು ಅಗಲಿಸುವ ವೆಚ್ಚದ ಅಲ್ಪ ಪಾಲೂ ಅಲ್ಲ.

ಕಾಡು ಉಳಿಸುವ ಮಾತನ್ನು ಪೇಟೆಯವನಿಗೂ ಪ್ರವಾಸಿಗನಿಗೂ ಸರ್ಕಾರಕ್ಕೂ ಹೇಳುವ ಮಲೆನಾಡಿಗ ಮೊದಲು ತನ್ನ ಅಂಗಳದ ಕಾರಿನಡಿಗೆ ಬಗ್ಗಿ ನೋಡಲಿ. ಅಲ್ಲಿ ಹನಿಯುತ್ತಿರುವುದು ಏನೆಂದು ಗುರುತಿಸಲಿ, ಅದನ್ನು ನಿಲ್ಲಿಸಲಿ. ಆಮೇಲೆ ಅವನು ಪ್ರವಾಸಿಗನ ಕಾರನ್ನು ಹೊಳೆಯ ದಂಡೆಯಲ್ಲಿ ತಡೆದು ನಿಲ್ಲಿಸಿದರೆ ಆ ಮಾತಿಗೆ ತೂಕವಿರುತ್ತದೆ.